ಭಾರತದ ವಕೀಲರು ಪರೀಕ್ಷೆ ಬರೆಯದೇ ಇಂಗ್ಲೆಂಡಿನಲ್ಲಿ ಸಾಲಿಸಿಟರ್ ಆಗಬಹುದೇ?

ಭಾರತದಲ್ಲಿ ಸನ್ನದು ಪಡೆದ ವಕೀಲರಿಗೆ ಇಂಗ್ಲೆಂಡಿನಲ್ಲಿ ಪರೀಕ್ಷೆಯೇ ಬೇಡ, ಅನುಭವ ಪತ್ರ ಕೊಟ್ಟರೆ ಸಾಕು ಎಂಬ ಸಂದೇಶ ನಿಮ್ಮ ಗ್ರೂಪಿಗೂ ಬಂದಿದ್ದರೆ, ಫಾರ್ವರ್ಡ್ ಮಾಡುವ ಮೊದಲು ಇದನ್ನು ಓದಿ. ಅದರಲ್ಲಿ ಅರ್ಧ ನಿಜವಿದೆ. ದುಡ್ಡು ಕಳೆದುಕೊಳ್ಳುವುದು ಉಳಿದರ್ಧವನ್ನು ನಂಬಿದಾಗ.

ಸಾಲಿಸಿಟರ್ ಎಂದರೆ ಕಕ್ಷಿದಾರರಿಗೆ ಸಲಹೆ ಕೊಟ್ಟು, ಕಾಗದಪತ್ರ ಸಿದ್ಧಪಡಿಸಿ, ವ್ಯವಹಾರ ನಡೆಸುವ ವಕೀಲರು. ಮುಂಬೈ ಹೈಕೋರ್ಟಿನಲ್ಲೂ ಹಿಂದೆ ಇಂಥ ಪ್ರತ್ಯೇಕ ವರ್ಗವಿತ್ತು. 1956ರವರೆಗೆ ಉತ್ತರ ಕನ್ನಡ ಮುಂಬೈ ಪ್ರಾಂತಕ್ಕೇ ಸೇರಿತ್ತಲ್ಲ, ಹಾಗಾಗಿ ಈ ಪದ ನಮ್ಮ ಕರಾವಳಿಗೆ ಹೊಸದೇನಲ್ಲ.

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಇವರ ನಿಯಂತ್ರಣ ಸಂಸ್ಥೆ ಎಸ್‌ಆರ್‌ಎ. ಅದು 2021ರ ಸೆಪ್ಟೆಂಬರ್ 1ರಿಂದ ಎಸ್‌ಕ್ಯೂಇ ಪರೀಕ್ಷೆಯನ್ನು ಜಾರಿಗೆ ತಂದಿತು. ಮೊದಲ ಹಂತದಲ್ಲಿ ತಲಾ 180 ಬಹುಆಯ್ಕೆ ಪ್ರಶ್ನೆಗಳ ಎರಡು ಪತ್ರಿಕೆ. ಎರಡನೆಯದರಲ್ಲಿ 12 ಲಿಖಿತ, 4 ಮೌಖಿಕ ಕಾರ್ಯ. ಜೊತೆಗೆ ಎರಡು ವರ್ಷದ ಕೆಲಸದ ಅನುಭವ ಬೇಕು.

ನಿಜವಾದ ಅರ್ಧ ಇಲ್ಲಿದೆ. ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿನಲ್ಲಿ ನೋಂದಾಯಿಸಿ, ಎಐಬಿಇ ಪಾಸಾಗಿ ಕುಮಟಾ ಕೋರ್ಟಿನಲ್ಲಿ ವಕೀಲಿ ಮಾಡುತ್ತಿರುವವರಿಗೆ ಆ ಎರಡು ವರ್ಷದ ಷರತ್ತು ಇಲ್ಲ. ಬರೀ ಎಲ್‌ಎಲ್‌ಬಿ ಮುಗಿಸಿ ಸನ್ನದು ಪಡೆಯದವರಿಗೆ ಇದು ಅನ್ವಯಿಸುವುದಿಲ್ಲ.

ಪರೀಕ್ಷೆಯ ಮಾತು ಬೇರೆ. ಎರಡನೇ ಹಂತದಿಂದ ವಿನಾಯಿತಿ ಕೇಳಿ ಅರ್ಜಿ ಹಾಕಬಹುದು. ನಿಮ್ಮ ಅರ್ಹತೆ, ಅನುಭವ ತೂಗಿ ಎಸ್‌ಆರ್‌ಎ ತೀರ್ಮಾನಿಸುತ್ತದೆ. ಸಿಕ್ಕರೂ ಇಂಗ್ಲಿಷ್ ಭಾಷಾಜ್ಞಾನಕ್ಕೆ ಪುರಾವೆ ಕೊಡಬೇಕು. ಮೊದಲ ಹಂತದ ವಿನಾಯಿತಿ ಮಾತ್ರ ಬಹಳ ಕಷ್ಟ. ನಮ್ಮ 1872ರ ಕರಾರು ಕಾಯ್ದೆಯ ಬೇರು ಇಂಗ್ಲಿಷ್ ಕಾನೂನಿನಲ್ಲಿದೆ, ಒಪ್ಪೋಣ. ಆದರೆ ಹೊನ್ನಾವರದಲ್ಲಿ ಗೇಣಿ, ಪಹಣಿ, ಪಾಲು ಪಟ್ಟಿಯ ವ್ಯಾಜ್ಯ ನಡೆಸಿ ಪಳಗಿದವರಿಗೂ ಇಂಗ್ಲೆಂಡಿನ ಭೂನೋಂದಣಿ, ಟ್ರಸ್ಟ್ ಕಾನೂನು ಹೊಸತೇ. ಒಂದೆರಡು ವಿಷಯ ಗೊತ್ತಿದ್ದರೆ ಅಷ್ಟಕ್ಕೆ ಮಾತ್ರ ರಿಯಾಯಿತಿ ಎಂಬುದೂ ಇಲ್ಲ; ಪತ್ರಿಕೆ ಇಡಿಯಾಗಿ ಬರೆಯಲೇಬೇಕು.

ಮೊದಲ ಹಂತವನ್ನು ವಿದೇಶದ ಕೇಂದ್ರಗಳಲ್ಲೂ ಬರೆಯಬಹುದು. ಎರಡನೇ ಹಂತದ ಮೌಖಿಕ ಭಾಗಕ್ಕೆ ಮಾತ್ರ ಅಲ್ಲಿಗೇ ಹೋಗಬೇಕು, ಅಂದರೆ ಟಿಕೆಟ್, ವೀಸಾ ಖರ್ಚು ಬೇರೆ.

ಇನ್ನೊಂದು ಮಾತು, ಮನೆಗೊಬ್ಬರು ಹೊರದೇಶದಲ್ಲಿರುವ ಭಟ್ಕಳದವರಿಗೆ ಮುಖ್ಯವಾಗಿ: ಸಾಲಿಸಿಟರ್ ಅರ್ಹತೆ ಕೆಲಸದ ವೀಸಾ ಅಲ್ಲ. ವಿನಾಯಿತಿ ಕೊಡುವುದು ಎಸ್‌ಆರ್‌ಎ ಒಂದೇ. "ಪರೀಕ್ಷೆ ತಪ್ಪಿಸಿ ಕೊಡುತ್ತೇವೆ" ಎನ್ನುವ ಏಜೆಂಟರ ಕೈಯಲ್ಲಿ ಅದಿಲ್ಲ.