ಸುಂಕದ ಕಟ್ಟೆಯಿಂದ ಹಸಿರು ದಾರಿಗೆ

ನಮ್ಮ ಮನೆಯ ಅಟ್ಟದಲ್ಲಿ ಒಂದು ಹಳೆಯ ಸೂಟ್‌ಕೇಸ್ ಇದೆ. ಬೀಗ ತುಕ್ಕು ಹಿಡಿದಿದೆ, ಹಿಡಿಕೆ ಮುರಿದಿದೆ. ಮುಚ್ಚಳದ ಮೇಲೆ ಸೀಮೆಸುಣ್ಣದಲ್ಲಿ ಎಳೆದ ಗುಣಾಕಾರದ ಗುರುತೊಂದು ಇನ್ನೂ ಮಸುಕಾಗಿ ಕಾಣಿಸುತ್ತದೆ. 1983ರಲ್ಲಿ ನನ್ನ ಅಣ್ಣ ಕೊಲ್ಲಿ ನಾಡಿನಿಂದ ಮೊದಲ ಸಲ ರಜೆಯಲ್ಲಿ ಬಂದಾಗ ಕಸ್ಟಮ್ಸ್ ಅಧಿಕಾರಿಯೊಬ್ಬರು ಎಳೆದ ಗೆರೆ ಅದು. 'ನೋಡಿಯಾಯಿತು, ಹೋಗಬಹುದು' ಎಂಬುದಕ್ಕೆ ಅಂದಿನ ಸಂಕೇತ. ಅಮ್ಮ ಬದುಕಿರುವಷ್ಟು ಕಾಲವೂ ಅದನ್ನು ಯಾರಿಗೂ ಒರೆಸಲು ಬಿಡಲಿಲ್ಲ.

ಗಡಿನಾಡಿನ ಎಷ್ಟೋ ಮನೆಗಳಲ್ಲಿ ಇಂಥ ಪೆಟ್ಟಿಗೆಗಳಿವೆ. ಕೊಲ್ಲಿಗೆ ಹೋದವರ ದುಡಿಮೆಯ ಬಗೆಗೆ, ಅವರು ಕಳಿಸಿದ ಹಣದ ಬಗೆಗೆ ಎರಡು ಭಾಷೆಗಳಲ್ಲೂ ಬೇಕಾದಷ್ಟು ಬರೆದಿದ್ದಾರೆ. ಆದರೆ ವಿಮಾನ ಇಳಿದ ಮೇಲೆ ಮನೆಯವರ ಮುಖ ಕಾಣುವ ಮೊದಲು ದಾಟಬೇಕಾದ ಆ ಒಂದು ಮೇಜಿನ ಚರಿತ್ರೆಯನ್ನು ಯಾರೂ ಹೇಳಿದಂತಿಲ್ಲ. ನನಗೆ ತಿಳಿದಷ್ಟನ್ನು ಇಲ್ಲಿ ಬರೆಯುತ್ತೇನೆ.

ಮೊದಲು ಪದದಿಂದಲೇ ಆರಂಭಿಸೋಣ. ಸಂಸ್ಕೃತದ 'ಶುಲ್ಕ' ಕನ್ನಡದಲ್ಲಿ 'ಸುಂಕ'ವಾಯಿತು, ಮಲಯಾಳದಲ್ಲಿ 'ಚುಂಗಂ' ಆಯಿತು. ನಮ್ಮಲ್ಲಿ ಸುಂಕದಕಟ್ಟೆ ಎಂಬ ಊರುಗಳಿರುವಂತೆ ಕೇರಳದ ಉದ್ದಕ್ಕೂ ಚುಂಗಂ ಎಂಬ ಕವಲುದಾರಿಗಳಿವೆ. ಹೇರೆತ್ತು ನಿಲ್ಲಿಸಿ, ಗೋಣಿ ಬಿಚ್ಚಿಸಿ, ಎಣಿಸಿ ಹಣ ಪಡೆಯುತ್ತಿದ್ದ ಜಾಗಗಳ ನೆನಪು ಆ ಹೆಸರುಗಳಲ್ಲಿದೆ. ಕನ್ನಡ ಶಾಸನಗಳಲ್ಲಿ ಹೆಜ್ಜುಂಕ, ವಡ್ಡರಾವುಳ ಎಂಬ ತೆರಿಗೆಗಳ ಹೆಸರು ಮತ್ತೆ ಮತ್ತೆ ಬರುತ್ತದೆ. ಹನ್ನೆರಡನೆಯ ಶತಮಾನದ ಶರಣರಲ್ಲಿ ಸುಂಕದ ಬಂಕಣ್ಣ ಎಂಬವರಿದ್ದರು; ಅವರ ಕಾಯಕವೇ ಸುಂಕ ವಸೂಲಿ. ಆದರೂ ಜನರ ಬಾಯಲ್ಲಿ ಉಳಿದ ಮಾತು ಬೇರೆ: ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ. ಅವನಿಗೆ ಕಿವಿಯಿಲ್ಲ, ಕೈ ಮಾತ್ರ ಇದೆ ಎಂಬುದು ಗಾದೆಯ ತಾತ್ಪರ್ಯ.

ಶಾಸ್ತ್ರ ನೋಡಿದರೆ ಹಾಗಿಲ್ಲ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿದ್ದ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ತಮ್ಮ ಕೈಸೇರಿದ ತಾಳೆಯೋಲೆಯ ಪ್ರತಿಯಿಂದ ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದರು. ಅದರಲ್ಲಿ ಶುಲ್ಕಾಧ್ಯಕ್ಷನಿಗೆಂದೇ ಒಂದು ಪ್ರಕರಣವಿದೆ. ನಗರದ ಮಹಾದ್ವಾರದ ಬಳಿ ಶುಲ್ಕಶಾಲೆ, ಅದರ ಮೇಲೊಂದು ಧ್ವಜ. ಅಲ್ಲಿ ನಾಲ್ಕೈದು ಮಂದಿ ಕುಳಿತು, ಬಂದ ವ್ಯಾಪಾರಿ ಯಾರು, ಎಲ್ಲಿಂದ ಬಂದ, ಸರಕು ಎಷ್ಟು, ಮುದ್ರೆ ಎಲ್ಲಿ ಬಿತ್ತು ಎಂದು ಕೇಳಿ ಬರೆದುಕೊಳ್ಳಬೇಕು. ಮದುವೆಗೆಂದು ಒಯ್ಯುವ ವಸ್ತು, ತವರಿನಿಂದ ಹೆಣ್ಣಿನ ಜೊತೆ ಹೋಗುವ ವಸ್ತು, ಉಡುಗೊರೆ, ಬಾಣಂತನದ ಮತ್ತು ದೇವರ ಪೂಜೆಯ ಸಾಮಾನು, ಇವಕ್ಕೆ ಸುಂಕವಿಲ್ಲ. ಆದರೆ ಹಾಗೆಂದು ಸುಳ್ಳು ಹೇಳಿ ಸಾಗಿಸಿದವನಿಗೆ ಕಳ್ಳನಿಗೆ ಕೊಡುವ ಶಿಕ್ಷೆ.

ಇದನ್ನು ಓದಿದಾಗ ನನಗೆ ಆಶ್ಚರ್ಯವಾಯಿತು. ಇಂದಿನ ಕಾನೂನಿನ ತಿರುಳೂ ಇಷ್ಟೇ. ಮನೆಯ ಬಳಕೆಗೆ, ಪ್ರೀತಿಗೆ ತಂದದ್ದನ್ನು ಬಿಡು. ವ್ಯಾಪಾರಕ್ಕೆ ತಂದದ್ದಕ್ಕೆ ತೆರಿಗೆ ತೆಗೆದುಕೋ. ಎರಡರಲ್ಲಿ ಯಾವುದು ಎಂದು ತಿಳಿಯಲು ಮೊದಲು ಬಂದವನ ಮಾತನ್ನು ಕೇಳು.

ಬ್ರಿಟಿಷರ ಕಾಲದಲ್ಲಿ 1878ರ ಸಮುದ್ರ ಸುಂಕ ಕಾಯಿದೆ ಇತ್ತು. ಹಡಗುಗಳನ್ನು ಕಣ್ಣಮುಂದಿಟ್ಟುಕೊಂಡು ಮಾಡಿದ ಕಾಯಿದೆ ಅದು. ಸ್ವತಂತ್ರ ಭಾರತವು 1962ರಲ್ಲಿ ಹೊಸ ಕಸ್ಟಮ್ಸ್ ಕಾಯಿದೆ ಮಾಡಿತು. ಅದು 1963ರ ಫೆಬ್ರವರಿ 1ರಿಂದ ಜಾರಿಗೆ ಬಂತು. ಅದರ 77ನೆಯ ವಿಧಿಯ ಪ್ರಕಾರ ಪ್ರಯಾಣಿಕನು ತನ್ನ ಪೆಟ್ಟಿಗೆಯಲ್ಲಿ ಏನಿದೆಯೆಂದು ತಾನಾಗಿ ಹೇಳಬೇಕು. 79ನೆಯ ವಿಧಿಯು ನಿಜವಾದ ಸ್ವಂತ ಸಾಮಾನಿಗೆ ಮಿತಿಯೊಳಗೆ ವಿನಾಯಿತಿ ಕೊಡುತ್ತದೆ. ಅಂದರೆ ಕಾಯಿದೆಯ ಲೆಕ್ಕದಲ್ಲಿ ಮಾತು ಮೊದಲು, ಬೀಗದಕೈ ಆಮೇಲೆ.

ಆದರೆ ಅದೇ 1963ರ ಜನವರಿಯಲ್ಲಿ ಚಿನ್ನದ ನಿಯಂತ್ರಣವೂ ಬಂತು. ಚೀನಾದೊಂದಿಗಿನ ಯುದ್ಧ ಮುಗಿದಿತ್ತು, ವಿದೇಶಿ ವಿನಿಮಯ ಬರಿದಾಗಿತ್ತು. ಹದಿನಾಲ್ಕು ಕ್ಯಾರೆಟ್‌ಗಿಂತ ಹೆಚ್ಚಿನ ಚಿನ್ನದಲ್ಲಿ ಹೊಸ ಒಡವೆ ಮಾಡಬಾರದೆಂದು ಮೊರಾರ್ಜಿ ದೇಸಾಯಿಯವರು ಹಣಕಾಸು ಮಂತ್ರಿಯಾಗಿದ್ದಾಗ ಕಟ್ಟಳೆಯಾಯಿತು. 1968ರಲ್ಲಿ ಚಿನ್ನ ನಿಯಂತ್ರಣ ಕಾಯಿದೆಯೂ ಆಯಿತು. ಅದು ರದ್ದಾದದ್ದು 1990ರಲ್ಲಿ. ಕೊಲ್ಲಿಯಲ್ಲಿ ಎಣ್ಣೆಯ ಹಣ ಹರಿದು, ನಮ್ಮ ಹುಡುಗರು ಅಲ್ಲಿ ದುಡಿದು ಬರತೊಡಗಿದ ಎಪ್ಪತ್ತು-ಎಂಬತ್ತರ ದಶಕಗಳು ಈ ಕಾಯಿದೆಯ ನೆರಳಿನಲ್ಲೇ ಕಳೆದವು. ಅಲ್ಲಿಂದ ಬಂದ ಪ್ರತಿ ಪೆಟ್ಟಿಗೆಯಲ್ಲೂ ಹತ್ತು ತೊಲದ ಬಿಸ್ಕತ್ತು ಇದೆಯೋ ಎಂಬ ಸಂಶಯ; ಹತ್ತು ತೊಲವೆಂದರೆ 116 ಗ್ರಾಮಿಗಿಂತ ತುಸು ಹೆಚ್ಚು, ಸಾಬೂನಿನ ತುಂಡೊಂದರ ಒಳಗೆ ಅಡಗುವಷ್ಟು. ಹಾಗಾಗಿ ಕಾಯಿದೆ ಮಾತನ್ನು ಮೊದಲಿಟ್ಟರೂ ಮೇಜಿನ ಮುಂದೆ ಪೆಟ್ಟಿಗೆಯೇ ಮೊದಲು ಬಿಚ್ಚಿಕೊಳ್ಳುತ್ತಿತ್ತು.

ಅಣ್ಣ ಬಂದದ್ದು ಆ ಕಾಲದಲ್ಲಿ. ಆಗ ಬಜಪೆಗೆ ವಿದೇಶದ ವಿಮಾನ ಬರುತ್ತಿರಲಿಲ್ಲ, ಕರಿಪುರದ ನಿಲ್ದಾಣ ಹುಟ್ಟಿರಲಿಲ್ಲ. ಆತ ದೂರದ ದೊಡ್ಡ ನಗರವೊಂದರಲ್ಲಿ ಇಳಿದಿದ್ದ. ಪೆಟ್ಟಿಗೆಯಲ್ಲಿ ಅಮ್ಮನಿಗೆ ಎರಡು ಸೀರೆ, ಅಪ್ಪನಿಗೆ ಕೊಡಲಿ ಗುರುತಿನ ಎಣ್ಣೆಯ ಶೀಶೆಗಳು, ಹಾಲಿನ ಪುಡಿಯ ಡಬ್ಬಿ, ಖರ್ಜೂರ, ಒಂದು ಟೂ-ಇನ್-ಒನ್. ಚಿನ್ನ ತರುವ ಧೈರ್ಯವಾಗಿರಲಿಲ್ಲ. ಜೊತೆಗೆ ಇನ್ನೊಂದು ಪೊಟ್ಟಣ. ಅವನ ಕೋಣೆಯಲ್ಲಿದ್ದ ಕಾಞಂಗಾಡಿನ ಕಡೆಯ ಗೆಳೆಯನು ಮನೆಗೆ ಮುಟ್ಟಿಸೆಂದು ಕೊಟ್ಟದ್ದು. ಬಟ್ಟೆಯಲ್ಲಿ ಹೊಲಿದು ಕಟ್ಟಿತ್ತು.

ಅಧಿಕಾರಿ ಹಿಂದಿಯಲ್ಲಿ ಕೇಳಿದರು, ಇಂಗ್ಲಿಷಿನಲ್ಲಿ ಕೇಳಿದರು. ಅಣ್ಣನಿಗೆ ಕನ್ನಡ, ತುಳು, ಮಲಯಾಳ ಬರುತ್ತಿದ್ದವು. ಕೆಲಸದ ಜಾಗದ ಅರಬ್ಬಿ ಅಷ್ಟಿಷ್ಟು ಬರುತ್ತಿತ್ತು. ಆ ಮೇಜಿಗೆ ಬೇಕಾದ ಎರಡು ಭಾಷೆಗಳು ಮಾತ್ರ ಬರುತ್ತಿರಲಿಲ್ಲ. 'ಇದರಲ್ಲಿ ಏನಿದೆ?' ಎಂಬ ಪ್ರಶ್ನೆ ಕೈಸನ್ನೆಯಿಂದ ತಿಳಿಯಿತು. ತಿಳಿದಾಗಲೇ ಅವನ ಎದೆ ಧಸಕ್ಕೆಂದಿತಂತೆ. ಯಾಕೆಂದರೆ ಏನಿದೆಯೆಂದು ಅವನಿಗೇ ಗೊತ್ತಿರಲಿಲ್ಲ.

ಹೊಲಿಗೆ ಬಿಚ್ಚಿದರು. ಒಂದು ಫ್ರಾಕು, ಎರಡು ಸಾಬೂನು, ಒಂದು ಕ್ಯಾಸೆಟ್. ಸಾಬೂನು ಕತ್ತರಿಸಿ ನೋಡಿದರು. ಕ್ಯಾಸೆಟ್ಟನ್ನು ಅಣ್ಣನ ಟೂ-ಇನ್-ಒನ್‌ಗೇ ಹಾಕಿ ಗುಂಡಿ ಒತ್ತಿದರು. ಗೆಳೆಯನ ದನಿ ಬಂತು. ಅವನು ಹೆಂಡತಿಗೆ ಮಲಯಾಳದಲ್ಲಿ ಮಗುವಿನ ಜ್ವರ ಬಿಟ್ಟಿತೇ ಎಂದು ಕೇಳುತ್ತಿದ್ದ, ಬಾವಿಗೆ ಕಟ್ಟೆ ಕಟ್ಟಿಸು ಎಂದು ಹೇಳುತ್ತಿದ್ದ. ಅಧಿಕಾರಿಗೆ ಒಂದಕ್ಷರವೂ ಅರ್ಥವಾಗಿರಲಾರದು. ಆದರೂ ಸ್ವಲ್ಪ ಹೊತ್ತು ಕೇಳಿ, ಆರಿಸಿ, ಟೂ-ಇನ್-ಒನ್‌ಗೆ ಸುಂಕದ ಚೀಟಿ ಬರೆದು, ಪೆಟ್ಟಿಗೆ ಮುಚ್ಚಿ ಸೀಮೆಸುಣ್ಣದಿಂದ ಗೆರೆ ಎಳೆದರು. ಊರಿಗೆ ಬಂದ ಮಾರನೆಯ ದಿನವೇ ಅಣ್ಣ ಆ ಕ್ಯಾಸೆಟ್ಟನ್ನು ಮುಟ್ಟಿಸಿ ಬಂದ. ಕತ್ತರಿಸಿದ ಸಾಬೂನಿನ ಬಗ್ಗೆ ಆ ಮನೆಯವರು ಏನೂ ಕೇಳಲಿಲ್ಲವಂತೆ.

'ಅದರಲ್ಲಿ ಬೇರೇನಾದರೂ ಇದ್ದಿದ್ದರೆ?' ಎಂದು ಅಪ್ಪ ಕೇಳಿದ್ದು ನನಗೆ ಚೆನ್ನಾಗಿ ನೆನಪಿದೆ. ಅಣ್ಣ ಉತ್ತರಿಸಲಿಲ್ಲ.

ಅಲ್ಲಿಂದೀಚೆಗೆ ಆ ಮೇಜು ಬಹಳ ಬದಲಾಗಿದೆ. ಬದಲಾವಣೆಯ ಬೀಜ ಮೊದಲೇ ಬಿದ್ದಿತ್ತು. ಬ್ರಸೆಲ್ಸ್‌ನಲ್ಲಿರುವ ಕಸ್ಟಮ್ಸ್ ಸಹಕಾರ ಮಂಡಳಿ, 1994ರಿಂದ ಅದಕ್ಕೆ ವಿಶ್ವ ಕಸ್ಟಮ್ಸ್ ಸಂಸ್ಥೆ ಎಂಬ ಹೆಸರು, 1971ರಲ್ಲಿ ಎರಡು ದಾರಿಗಳ ಕ್ರಮವನ್ನು ಶಿಫಾರಸು ಮಾಡಿತು. ಸುಂಕ ಕೊಡಬೇಕಾದದ್ದು ಏನೂ ಇಲ್ಲದವರಿಗೆ ಹಸಿರು ದಾರಿ, ಇದ್ದವರಿಗೆ ಕೆಂಪು ದಾರಿ. ಪ್ರಯಾಣಿಕರು ಸಾವಿರ ಸಾವಿರವಾಗಿ ಇಳಿಯತೊಡಗಿದ ಮೇಲೆ ಎಲ್ಲರ ಪೆಟ್ಟಿಗೆ ಬಿಚ್ಚುವುದು ಸಾಧ್ಯವೇ ಇರಲಿಲ್ಲ. ಹಸಿರು ದಾರಿಗೆ ಕಾಲಿಡುವುದೇ 'ನನ್ನಲ್ಲಿ ಏನೂ ಇಲ್ಲ' ಎಂಬ ಹೇಳಿಕೆ. ಬಾಯಿ ತೆರೆಯದೆ ಆಡಿದ ಮಾತು ಅದು. ಅದು ಸುಳ್ಳಾದರೆ ಬಾಯಿಬಿಟ್ಟು ಹೇಳಿದ ಸುಳ್ಳಿನಷ್ಟೇ ದೊಡ್ಡ ತಪ್ಪು.

ಕೈಗೆ ಬದಲಾಗಿ ಈಗ ಕಿರಣಗಳು ಪೆಟ್ಟಿಗೆಯನ್ನು ಹುಡುಕುತ್ತವೆ. ರೋಂಟ್‌ಗೆನ್ ಎಕ್ಸ್-ರೇ ಕಂಡುಹಿಡಿದದ್ದು 1895ರಲ್ಲಿ. ಎರಡೇ ವರ್ಷದಲ್ಲಿ ಪ್ಯಾರಿಸ್‌ನ ಸುಂಕದವರು ಅದನ್ನು ಪ್ರಯಾಣಿಕರ ಪೆಟ್ಟಿಗೆಗಳ ಮೇಲೆ ಪ್ರಯೋಗಿಸಿ ನೋಡಿದ್ದರು. ಇಂದಿನ ಯಂತ್ರಗಳು ಎರಡು ಬಗೆಯ ಶಕ್ತಿಯ ಕಿರಣಗಳಲ್ಲಿ ನೋಡಿ ವಸ್ತುಗಳಿಗೆ ಬಣ್ಣ ಕೊಡುತ್ತವೆ. ಬಟ್ಟೆ, ತಿಂಡಿ, ಸಾಬೂನು ಕಿತ್ತಳೆ. ಕಬ್ಬಿಣ, ತಾಮ್ರ ನೀಲಿ. ಕಿರಣ ದಾಟಲಾರದಷ್ಟು ದಟ್ಟವಾದದ್ದು ಕಪ್ಪು. ಚಿನ್ನದ ಗಟ್ಟಿ ಹೀಗೆ ಕಪ್ಪಾಗಿ ಕಾಣುತ್ತದೆ. ಇದಲ್ಲದೆ ವಿಮಾನ ಇಳಿಯುವ ಮೊದಲೇ ಪ್ರಯಾಣಿಕರ ವಿವರ ಅಧಿಕಾರಿಗಳ ಕೈಸೇರುತ್ತದೆ. ಟಿಕೆಟಿನ ಮಾಹಿತಿಯನ್ನು ವಿಮಾನ ಕಂಪೆನಿಗಳು ಮುಂಗಡ ಒದಗಿಸಬೇಕೆಂಬ ನಿಯಮ 2022ರಲ್ಲಿ ಬಂತು. ಸಾಮಾನಿನ ಘೋಷಣೆಯನ್ನು ಮೊಬೈಲಿನಲ್ಲೇ ಮಾಡಲು 'ಅತಿಥಿ' ಎಂಬ ಆ್ಯಪ್ 2019ರಲ್ಲಿ ಬಂತು.

ನಿಲ್ದಾಣಗಳೂ ಹತ್ತಿರವಾದವು. 1951ರಲ್ಲಿ ಆರಂಭವಾದ ಬಜಪೆಯಿಂದ 2006ರಲ್ಲಿ ದುಬೈಗೆ ವಿಮಾನ ಹಾರಿತು. 1988ರಲ್ಲಿ ಕರಿಪುರ, 2018ರ ಡಿಸೆಂಬರ್ 9ರಂದು ಕಣ್ಣೂರು. 2010ರ ಮೇ 22ರ ಬೆಳಗ್ಗೆ ಬಜಪೆಯ ಕಣಿವೆಯಲ್ಲಿ 158 ಮಂದಿ ತೀರಿಕೊಂಡರು. ಅವರಲ್ಲಿ ನಮ್ಮ ಜಿಲ್ಲೆಯವರು ಎಷ್ಟೋ ಮಂದಿ. ಆ ಪೆಟ್ಟಿಗೆಗಳು ಯಾವ ಮೇಜಿಗೂ ಬರಲಿಲ್ಲ. ಈಗಲೂ ಅಲ್ಲಿ ಯಾರನ್ನಾದರೂ ಎದುರುಗೊಳ್ಳಲು ನಿಂತಾಗ ನನಗೆ ಅದೇ ನೆನಪು.

ಇಷ್ಟೆಲ್ಲ ಬದಲಾದರೂ ಅಪ್ಪ ಕೇಳಿದ ಪ್ರಶ್ನೆ ಮಾತ್ರ ಬದಲಾಗಿಲ್ಲ. ಅದಕ್ಕೆ ಕಾರಣ ಬೆಲೆಯ ಅಂತರ. ಚಿನ್ನದ ಆಮದು ಸುಂಕ 2012ರ ಜನವರಿಯಲ್ಲಿ ಶೇಕಡಾ 2 ಇದ್ದದ್ದು 2013ರ ಆಗಸ್ಟ್ ಹೊತ್ತಿಗೆ 10 ಆಯಿತು, 2022ರಲ್ಲಿ 15ಕ್ಕೆ ಏರಿತು, 2024ರ ಜುಲೈಯಲ್ಲಿ 6ಕ್ಕೆ ಇಳಿಯಿತು. ಸುಂಕ ಏರಿದಷ್ಟೂ ಕದ್ದು ತರುವವನ ಲಾಭ ಏರುತ್ತದೆ. ಆ ಲಾಭ ಹೊತ್ತು ತರುವ ಹುಡುಗನದಲ್ಲ. ಅವನಿಗೆ ಸಿಗುವುದು ಒಂದು ಟಿಕೆಟ್, ಕೈಗಿಷ್ಟು ದುಡ್ಡು. ಸಿಕ್ಕಿಬಿದ್ದರೆ ಹೆಸರು ಅವನದು. ಕಾಯಿದೆಯ 123ನೆಯ ವಿಧಿಯ ಪ್ರಕಾರ, ಕಳ್ಳಸಾಗಣೆಯದೆಂದು ಸಕಾರಣವಾಗಿ ನಂಬಿ ವಶಪಡಿಸಿಕೊಂಡ ಚಿನ್ನವು ಹಾಗಲ್ಲವೆಂದು ಸಾಧಿಸುವ ಭಾರ ಸಿಕ್ಕಿದವನ ಮೇಲೆಯೇ ಬೀಳುತ್ತದೆ. ಗಂಭೀರ ಪ್ರಕರಣಗಳಲ್ಲಿ ಏಳು ವರ್ಷದವರೆಗೆ ಸೆರೆಯಿದೆ. ಪೊಟ್ಟಣ ಕೊಟ್ಟವನು ಆಗ ಫೋನು ಎತ್ತುವುದಿಲ್ಲ.

ನಮ್ಮ ಹಕ್ಕುಗಳೂ ಅದೇ ಕಾಯಿದೆಯಲ್ಲಿವೆ ಎಂಬುದನ್ನು ಮರೆಯಬಾರದು. ಮೈ ತಪಾಸಣೆ ಮಾಡುವುದಾದರೆ, ಹತ್ತಿರದ ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟರ ಮುಂದೆ ಕರೆದೊಯ್ಯಿರಿ ಎಂದು ಕೇಳುವ ಹಕ್ಕನ್ನು 102ನೆಯ ವಿಧಿ ಕೊಟ್ಟಿದೆ. ಹೆಂಗಸರನ್ನು ಹೆಂಗಸೇ ತಪಾಸಣೆ ಮಾಡಬೇಕು. ವರ್ಷಕ್ಕಿಂತ ಹೆಚ್ಚು ಕಾಲ ವಿದೇಶದಲ್ಲಿದ್ದು ಮರಳುವವರು ಒಡವೆ ತರಲು 2016ರ ಬ್ಯಾಗೇಜ್ ನಿಯಮಗಳು ಗಂಡಸರಿಗೆ 20 ಗ್ರಾಂ, ಹೆಂಗಸರಿಗೆ 40 ಗ್ರಾಂ ಎಂದು, ಬೆಲೆಯ ಮಿತಿಯೊಂದಿಗೆ, ಗೊತ್ತು ಮಾಡಿದ್ದವು. ಇಂಥ ಮಿತಿಗಳು ಆಗಾಗ ಬದಲಾಗುತ್ತವೆ; ಹೊರಡುವ ಮೊದಲು ಅಂದಿನ ನಿಯಮವನ್ನು ಕೇಳಿ ತಿಳಿದುಕೊಳ್ಳುವುದೇ ಸರಿ. ಮಿತಿ ಮೀರಿದರೆ ಕೆಂಪು ದಾರಿಯಲ್ಲಿ ಹೋಗಿ ಸುಂಕ ಕಟ್ಟುವುದರಲ್ಲಿ ಅವಮಾನವೇನೂ ಇಲ್ಲ. ಅಣ್ಣ ಕಟ್ಟಿದ ಸುಂಕದ ಚೀಟಿಯನ್ನು ಅಪ್ಪ ಭೂಮಿಯ ತೀರ್ವೆ ರಶೀದಿಗಳ ಜೊತೆಗೇ ಕಟ್ಟಿಟ್ಟಿದ್ದರು.

1956ರ ನವೆಂಬರ್ 1ರಿಂದ ನಾವು ಗೆರೆಯೊಂದರ ಈಚೆ ಬದಿಯಲ್ಲಿ ಬಾಳುತ್ತಿರುವವರು. ನಮ್ಮ ಮಾತು ನಮ್ಮದಲ್ಲದ ಕಚೇರಿಯಲ್ಲಿ ನಿಲ್ಲುವುದು ನಮಗೆ ಹೊಸದಲ್ಲ. ಬೇರೆ ಭಾಷೆಯಲ್ಲಿ ಕೇಳಿದ ಪ್ರಶ್ನೆಗೆ ನಿಜವನ್ನು ಹೇಳಲಾಗದೆ ತಡವರಿಸಿದವನು ಸುಳ್ಳುಗಾರನಂತೆ ಕಾಣುತ್ತಾನೆ ಎಂಬುದನ್ನು ಅಣ್ಣನ ಕತೆಯಿಂದ ಕಲಿತೆ. ಆದ್ದರಿಂದ ಎರಡು ಮಾತುಗಳನ್ನು ನಾನು ನಮ್ಮ ಮಕ್ಕಳಿಗೆ ಹೇಳುತ್ತೇನೆ. ತಿಳಿಯದ ಭಾಷೆಯ ಕಾಗದಕ್ಕೆ, ಅದರಲ್ಲಿ ಏನಿದೆಯೆಂದು ಓದಿಸಿ ಕೇಳದೆ ರುಜು ಹಾಕಬೇಡಿ. ನಿಮ್ಮ ಕೈಯಾರೆ ಕಟ್ಟದ ಪೊಟ್ಟಣವನ್ನು, ಕೊಟ್ಟವರು ಎಷ್ಟೇ ಹತ್ತಿರದವರಾದರೂ, ಬಿಚ್ಚಿ ನೋಡದೆ ತರಬೇಡಿ. ಬಿಚ್ಚುತ್ತೇನೆ ಎಂದಾಗ ಬೇಸರಪಡುವವನ ಪೊಟ್ಟಣವಂತೂ ಬೇಡವೇ ಬೇಡ.

ಅಣ್ಣನ ಮಗ ಹೋದ ವರ್ಷ ಕಣ್ಣೂರಿನಲ್ಲಿ ಇಳಿದ. ಒಳಗಿದ್ದ ಅಧಿಕಾರಿ ಮಲಯಾಳದಲ್ಲಿ ಕೇಳಿದರಂತೆ, ಇವನು ಮಲಯಾಳದಲ್ಲೇ ಉತ್ತರಿಸಿದನಂತೆ. ಅರ್ಧ ನಿಮಿಷವೂ ಹಿಡಿಯಲಿಲ್ಲ. ಮನೆಗೆ ಬಂದವನು ಕಾಫಿ ಕುಡಿಯುತ್ತ, 'ಚಿಕ್ಕಪ್ಪ, ಕೋಣೆಯವನೊಬ್ಬ ಒಂದು ಡಬ್ಬಿ ಕೊಡಲು ಬಂದಿದ್ದ. ತೆರೆದು ತೋರಿಸು ಅಂದೆ, ಬೇಡ ಬಿಡು ಅಂತ ಹಿಂದಕ್ಕೆ ತೆಗೆದುಕೊಂಡು ಹೋದ' ಎಂದ. ಅಣ್ಣ ಜಗಲಿಯಲ್ಲಿ ಕುಳಿತು ಕೇಳುತ್ತಿದ್ದ. ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, ಅಟ್ಟದಿಂದ ಆ ಸೂಟ್‌ಕೇಸ್ ಇಳಿಸಿ ಇವನಿಗೊಮ್ಮೆ ತೋರಿಸು ಎಂದ.