ಪ್ಯಾಚ್

ತಂತ್ರಾಂಶದ ಮೂಲ ಸಂಕೇತದಲ್ಲಿ ಆಗಬೇಕಾದ ಬದಲಾವಣೆಗಳನ್ನಷ್ಟೇ ಹೊತ್ತ ಕಡತಕ್ಕೆ ‘ಪ್ಯಾಚ್’ ಎಂದು ಹೆಸರು. ಇಂಗ್ಲಿಷಿನಲ್ಲಿ ಈ ಪದಕ್ಕೆ ತೇಪೆ ಎಂದರ್ಥ.

ಕಂಪ್ಯೂಟರ್ ಲೋಕಕ್ಕೆ ಅದು ಬಂದದ್ದೂ ಅದೇ ಅರ್ಥದಲ್ಲಿ. ಕಾಗದದ ಪಟ್ಟಿಗೆ ತೂತು ಕೊರೆದು ಪ್ರೋಗ್ರಾಮ್ ಬರೆಯುತ್ತಿದ್ದ ಕಾಲದಲ್ಲಿ, ತಪ್ಪಾದ ತೂತಿನ ಮೇಲೆ ಕಾಗದದ ಚೂರು ಅಂಟಿಸುತ್ತಿದ್ದರು. ಹಾರ್ವರ್ಡ್ ಮಾರ್ಕ್ 1 ಯಂತ್ರದ ಉಳಿದಿರುವ ಪಟ್ಟಿಯಲ್ಲಿ ಇಂಥ ತೇಪೆಗಳು ಇಂದಿಗೂ ಕಾಣುತ್ತವೆ.

1985ರಲ್ಲಿ ಪ್ರೋಗ್ರಾಮರ್ ಲ್ಯಾರಿ ವಾಲ್ ‘ಪ್ಯಾಚ್’ ಎಂಬ ಹೆಸರಿನ ಪ್ರೋಗ್ರಾಮನ್ನೇ ಬರೆದರು. ‘ಡಿಫ್’ ಎಂಬ ಸಾಧನ ಕಡತದ ಎರಡು ಆವೃತ್ತಿಗಳ ವ್ಯತ್ಯಾಸವನ್ನು ಹೆಕ್ಕಿ ಕೊಡುತ್ತದೆ. ಇಂದು ರೂಢಿಯಲ್ಲಿರುವ ಬಗೆಯಲ್ಲಿ, ಸೇರುವ ಸಾಲಿನ ಮುಂದೆ + ಗುರುತು, ಹೋಗುವ ಸಾಲಿನ ಮುಂದೆ - ಗುರುತು. ಈ ವ್ಯತ್ಯಾಸವನ್ನೋದಿ ಮೂಲ ಕಡತವನ್ನು ತಿದ್ದುವುದು ‘ಪ್ಯಾಚ್’ನ ಕೆಲಸ. ಇಡೀ ಕಡತ ಕಳಿಸುವ ಅಗತ್ಯವಿಲ್ಲ; ಬದಲಾದದ್ದು ಏನೆಂದು ಓದುವವರಿಗೂ ಒಡನೆ ತಿಳಿಯುತ್ತದೆ.

1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಪ್ರಕಟಿಸಿದ ಲಿನಕ್ಸ್ ಕರ್ನಲ್ (ಕಾರ್ಯಾಚರಣ ವ್ಯವಸ್ಥೆಯ ತಿರುಳು) ಬೆಳೆದದ್ದು ಹೀಗೆಯೇ. ಈಗಲೂ ಅದಕ್ಕೆ ಪ್ಯಾಚ್‌ಗಳು ಇಮೇಲಿನಲ್ಲಿ ಹೋಗುತ್ತವೆ. ಬಲ್ಲವರು ಪರಿಶೀಲಿಸಿ ಒಪ್ಪಿದರೆ, ಬರೆದವರ ಹೆಸರಿನೊಂದಿಗೆ ಸೇರಿಕೊಳ್ಳುತ್ತವೆ.

ಬಳಕೆ: ಪ್ಯಾಚ್ ಹಾಕು, ಪ್ಯಾಚ್ ಕಳಿಸು. ಕನ್ನಡದಲ್ಲಿ ‘ತೇಪೆ ಹಚ್ಚು’ ಎಂದರೆ ತಾತ್ಕಾಲಿಕ ರಿಪೇರಿಯ ಧ್ವನಿಯಿದೆ. ಲಿನಕ್ಸ್‌ನಂಥ ಮುಕ್ತ ತಂತ್ರಾಂಶದಲ್ಲಿ ಮಾತ್ರ ಒಳ್ಳೆಯ ಪ್ಯಾಚ್ ಶಾಶ್ವತ ಕೊಡುಗೆ. ವಿದ್ಯಾರ್ಥಿಯೂ ಅದನ್ನು ಕೊಡಬಲ್ಲ.