ಸಿಸೇರಿಯಾ ಬಂದರಿನ ರೋಮನ್ ಹಾಗೂ ಯೆಹೂದ್ಯ ಅವಶೇಷಗಳು

ಇಸ್ರೇಲಿನ ಟೆಲ್ ಅವೀವ್ ಮತ್ತು ಹೈಫಾ ನಗರಗಳ ನಡುವೆ, ಮೆಡಿಟರೇನಿಯನ್ ಕಡಲತೀರದಲ್ಲಿರುವ ಪ್ರಾಚೀನ ಬಂದರು ಸಿಸೇರಿಯಾ. ಕನ್ನಡ ಬೈಬಲಿನಲ್ಲಿ ಇದರ ಹೆಸರು ಕೈಸರೈಯ. ಯೆಹೂದ್ಯರ ಅರಸ ಹೆರೋದನು ಸುಮಾರು ಕ್ರಿ.ಪೂ. 22ರಿಂದ 10ರ ಅವಧಿಯಲ್ಲಿ ಇದನ್ನು ಕಟ್ಟಿಸಿ, ರೋಮನ್ ಚಕ್ರವರ್ತಿ ಅಗಸ್ಟಸ್ ಸೀಸರನ ಹೆಸರನ್ನಿಟ್ಟನು. ಸ್ವಾಭಾವಿಕ ಕೊಲ್ಲಿಯಿಲ್ಲದ ಈ ತೀರದಲ್ಲಿ, ಇಟಲಿಯ ನೇಪಲ್ಸ್ ಪ್ರದೇಶದಿಂದ ತರಿಸಿದ ಜ್ವಾಲಾಮುಖಿಯ ಬೂದಿಯನ್ನು ಸುಣ್ಣದೊಡನೆ ಬೆರೆಸಿ, ನೀರಿನೊಳಗೇ ಗಟ್ಟಿಯಾಗುವ ಗಾರೆಯಿಂದ ಅಲೆತಡೆಗಳನ್ನು ನಿರ್ಮಿಸಲಾಯಿತು. ಅವುಗಳ ಬಹುಭಾಗ ಇಂದು ನೀರಿನಡಿಯಲ್ಲಿದೆ.

ಇಲ್ಲಿ ದೊರೆತವುಗಳಲ್ಲಿ ಅತ್ಯಂತ ಪ್ರಸಿದ್ಧವಾದುದು ಒಂದು ಸುಣ್ಣಕಲ್ಲಿನ ಲ್ಯಾಟಿನ್ ಶಾಸನ. 1961ರಲ್ಲಿ ಆಂಟೋನಿಯೊ ಫ್ರೋವಾ ಅವರ ನೇತೃತ್ವದ ಇಟಲಿಯ ತಂಡವು ರಂಗಮಂದಿರದ ಉತ್ಖನನದಲ್ಲಿ ಇದನ್ನು ಕಂಡಿತು. ಯೇಸುವಿಗೆ ಮರಣದಂಡನೆ ವಿಧಿಸಿದ ಪೊಂತ್ಯ ಪಿಲಾತನ ಹೆಸರು ಅದರಲ್ಲಿದೆ. ಅಲ್ಲಿಯವರೆಗೆ ಅವನ ಹೆಸರು ತಿಳಿದಿದ್ದುದು ಗ್ರಂಥಗಳಿಂದ ಮಾತ್ರ. ಇತಿಹಾಸಕಾರ ಟ್ಯಾಸಿಟಸ್ ಅವನನ್ನು 'ಪ್ರೊಕ್ಯುರೇಟರ್' ಎಂದು ಕರೆದಿದ್ದಾನೆ. ಕಲ್ಲು ಮಾತ್ರ 'ಪ್ರಿಫೆಕ್ಟ್' ಎನ್ನುತ್ತದೆ. ಪಿಲಾತನ ಕಾಲದ್ದೇ ಆದ ಕಲ್ಲಿನ ಸಾಕ್ಷ್ಯವೇ ಇಲ್ಲಿ ಹೆಚ್ಚು ನಂಬಲರ್ಹ. ಮುಂದಿನ ಶತಮಾನಗಳಲ್ಲಿ ಈ ಶಾಸನವನ್ನು ಮೆಟ್ಟಿಲಾಗಿ ಬಳಸಲಾಗಿತ್ತು. ನಮ್ಮ ಊರುಗಳಲ್ಲಿ ಬಟ್ಟೆ ಒಗೆಯುವ ಕಲ್ಲುಗಳಾಗಿದ್ದ ಶಾಸನಗಳ ಕಥೆ ಕೇಳಿದವರಿಗೆ ಇದು ಅಚ್ಚರಿಯೆನಿಸದು! ಮೂಲಶಿಲೆ ಈಗ ಜೆರುಸಲೇಮಿನ ಇಸ್ರೇಲ್ ವಸ್ತುಸಂಗ್ರಹಾಲಯದಲ್ಲಿದೆ.

ಕ್ರಿ.ಶ. 66ರಲ್ಲಿ ಇಲ್ಲಿನ ಯೆಹೂದ್ಯರಿಗೂ ಗ್ರೀಕರಿಗೂ ನಡೆದ ಕಲಹವು ರೋಮಿನ ವಿರುದ್ಧದ ಮಹಾದಂಗೆಗೆ ಕಿಡಿಯಾಯಿತು. 70ರಲ್ಲಿ ಜೆರುಸಲೇಮಿನ ದೇವಾಲಯ ನಾಶವಾಯಿತು. ಆದರೂ ಯೆಹೂದ್ಯರು ಸಿಸೇರಿಯಾಕ್ಕೆ ಮರಳಿ ಬಂದು ನೆಲೆಸಿದರು. 1962ರಲ್ಲಿ ಸಿಕ್ಕ ಹೀಬ್ರೂ ಲಿಪಿಯ ಅಮೃತಶಿಲೆಯ ತುಣುಕುಗಳು ಅದಕ್ಕೆ ಸಾಕ್ಷಿ. ದೇವಾಲಯದಲ್ಲಿ ಸರದಿಯಂತೆ ಸೇವೆ ಸಲ್ಲಿಸುತ್ತಿದ್ದ 24 ಪುರೋಹಿತ ವರ್ಗಗಳ ಪಟ್ಟಿಯದು. ದೇವಾಲಯವೇ ಇಲ್ಲವಾದ ಮೇಲೂ ಸೇವೆಯ ಸರದಿಯನ್ನು ಮರೆಯದೆ ಕಲ್ಲಿನಲ್ಲಿ ಕೊರೆಸಿಟ್ಟರು! ನಜರೇತ್ ಊರಿನ ಹೆಸರೂ ಅದರಲ್ಲಿದೆ. 2017ರಲ್ಲಿ ಅಗಸ್ಟಸನ ದೇವಾಲಯದ ಆವರಣದ ಬಳಿ, ಏಳು ಕವಲಿನ ದೀಪಸ್ತಂಭವಾದ ಮೆನೋರಾವನ್ನು ಕೊರೆದ ಮುತ್ತಿನ ಚಿಪ್ಪಿನ ಪುಟ್ಟ ಫಲಕವೂ ದೊರೆಯಿತು.

ಕಡಲೂ ತನ್ನ ಪಾಲನ್ನು ಒಪ್ಪಿಸಿದೆ. 2016ರಲ್ಲಿ ಇಬ್ಬರು ಮುಳುಗುಗಾರರಿಗೆ ಬಂದರಿನ ತಳದಲ್ಲಿ ಸುಮಾರು 1600 ವರ್ಷ ಹಿಂದಿನ ಹಡಗೊಂದರ ಸರಕು ಕಾಣಿಸಿತು: ಸೂರ್ಯದೇವನ ರೂಪವುಳ್ಳ ಕಂಚಿನ ದೀಪ, ಪ್ರತಿಮೆಗಳ ಭಾಗಗಳು, ಕಾನ್‌ಸ್ಟಂಟೈನ್ ಮತ್ತು ಲಿಸಿನಿಯಸ್ ಚಕ್ರವರ್ತಿಗಳ ಮುದ್ರೆಯ ಸಾವಿರಾರು ನಾಣ್ಯಗಳು. ಹಳೆಯ ಕಂಚನ್ನು ಕರಗಿಸಿ ಮತ್ತೆ ಬಳಸುವುದು ಆ ಕಾಲದ ರೂಢಿ. ಹಡಗು ಮುಳುಗಿದ್ದರಿಂದಲೇ ಇವು ಉಳಿದವು. ಸುಮಾರು 20 ಕಿಲೋ ತೂಗುವ ನಾಣ್ಯಗಳು ಎರಡು ಮುದ್ದೆಗಳಾಗಿ ಅಂಟಿಕೊಂಡು, ತಮ್ಮನ್ನು ತುಂಬಿಟ್ಟಿದ್ದ ಮಡಕೆಯ ಆಕಾರವನ್ನೇ ತಳೆದಿದ್ದವು.